ಹಳ್ಳಿಯ ಶಾಲೆಯ ಆಚೆಗೆ: ಹಳೆಯ ಕೋಲಾರ ಜಿಲ್ಲೆಯ ಇಬ್ಬರು ವಿದ್ಯಾರ್ಥಿಗಳು ಮತ್ತು ಅವರ ಉಪಾಧ್ಯಾಯರು

೧

ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸರ್ಕಾರದ ಆಜ್ಞೆಗಳನ್ನೂ ಶಾಲೆಗಳ ಸಂಖ್ಯೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಆಧಾರವಾಗಿಟ್ಟುಕೊಂಡು ಹೊರಡುತ್ತಾರೆ. ಇವೆಲ್ಲವೂ ಅಗತ್ಯವಾದ ಸಾಮಗ್ರಿಗಳೇ ಸರಿ. ಆದರೆ ಹಳ್ಳಿಯ ಒಬ್ಬ ಹುಡುಗನು ಒಂದು ಶಾಲೆಯಿಂದ ಮತ್ತೊಂದು ಶಾಲೆಗೆ ಹೇಗೆ ದಾಟಿದನು, ಅವನ ಓದು ಎಲ್ಲಿ ನಿಂತುಹೋಗಬಹುದಾಗಿತ್ತು, ನಿಂತುಹೋಗದಂತೆ ಕೈಹಿಡಿದವರು ಯಾರು ಎಂಬ ಪ್ರಶ್ನೆಗಳಿಗೆ ಅಂಕಿಗಳ ಪಟ್ಟಿಯಲ್ಲಿ ಉತ್ತರ ದೊರೆಯುವುದಿಲ್ಲ. ಅದಕ್ಕಾಗಿ ನಾವು ವ್ಯಕ್ತಿಗಳ ಜೀವನವೃತ್ತಾಂತಗಳ ಕಡೆಗೆ ತಿರುಗಬೇಕಾಗುತ್ತದೆ.

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯು ೨೦೦೭ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳನ್ನೊಳಗೊಂಡ ಈ ಪ್ರದೇಶದಿಂದ ಬಂದ ಇಬ್ಬರು ವಿದ್ಯಾರ್ಥಿಗಳ ಕಥೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಒಬ್ಬರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯವರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮತ್ತೊಬ್ಬರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು. ಇಬ್ಬರೂ ಬಡತನವನ್ನು ಕಂಡವರು. ಇಬ್ಬರೂ ಹಳ್ಳಿಯನ್ನು ಬಿಟ್ಟು ಬೆಂಗಳೂರಿಗೆ ಹೋಗಿ ಓದಿದವರು. ಇಬ್ಬರ ಬಾಳಿನಲ್ಲಿಯೂ ಉಪಾಧ್ಯಾಯರ ನೆರವು ನಿರ್ಣಾಯಕವಾಗಿತ್ತು. ಇವರ ಹೆಸರುಗಳು ನಾಡಿಗೆಲ್ಲ ಪರಿಚಿತವಾದವು. ಅವರ ಉಪಾಧ್ಯಾಯರ ಹೆಸರುಗಳು ಅಷ್ಟು ಪರಿಚಿತವಲ್ಲ. ಆ ಉಪಾಧ್ಯಾಯರು ಮಾಡಿದ ಕೆಲಸ ನಿಶ್ಚಯವಾಗಿ ಏನು ಎಂಬುದನ್ನು ಕಂಡುಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲೇ ಹೇಳಬಹುದಾದ ತಾತ್ಪರ್ಯವಿಷ್ಟು: ಈ ಪ್ರದೇಶದ ವಿದ್ಯಾರ್ಥಿಗೆ ಉಪಾಧ್ಯಾಯನ ನೆರವು ಅತ್ಯಂತ ಅಗತ್ಯವಾಗಿದ್ದುದು ಒಂದು ಶಾಲೆ ಮುಗಿದು ಮುಂದಿನ ಶಾಲೆ ಇನ್ನೂ ಆರಂಭವಾಗದ ಸಂಧಿಕಾಲದಲ್ಲಿ. ಆ ಸಂಧಿಯಲ್ಲಿ ಹೊಗಳಿಕೆಯಿಂದ ಮಾತ್ರ ಕೆಲಸ ನಡೆಯುತ್ತಿರಲಿಲ್ಲ. ಊಟ, ವಸತಿ, ಶುಲ್ಕ, ಪರಿಚಯ ಇವುಗಳ ದಾರಿಯನ್ನು ಯಾರಾದರೂ ತೋರಬೇಕಾಗಿತ್ತು. ಹಾಗೆ ದಾರಿ ಕಂಡ ವಿದ್ಯಾರ್ಥಿಯು ಮುಂದೆ ಆ ದಾರಿಯನ್ನು ಎಲ್ಲರಿಗೂ ತೆರೆದಾಗ ಮಾತ್ರ ಉಪಾಧ್ಯಾಯನ ಉಪಕಾರ ಇತಿಹಾಸದಲ್ಲಿ ನೆಲೆನಿಲ್ಲುತ್ತದೆ.

೨

ಮೊದಲು ನಾಡಿನ ಸ್ಥಿತಿಯನ್ನು ಸ್ಥೂಲವಾಗಿ ಗಮನಿಸುವುದು ಯುಕ್ತ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂತಹ ಹೋಬಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆಯನ್ನೂ ಕೆರೆಗಳನ್ನೂ ನಂಬಿದ ಬಯಲುಸೀಮೆ ಇದು. ರಾಗಿಯ ಬೇಸಾಯ, ಹಿಪ್ಪುನೇರಳೆ, ರೇಷ್ಮೆಹುಳುವಿನ ಸಾಕಣೆ ಇವು ಇಲ್ಲಿನ ಜನರ ಜೀವನೋಪಾಯಗಳು. ಹುಳು ಹಣ್ಣಾಗುವುದಕ್ಕೆ ಮುಂಚಿನ ದಿನಗಳಲ್ಲಿ ಸೊಪ್ಪು ಕೀಳುವುದಕ್ಕೂ ಹಾಕುವುದಕ್ಕೂ ಮನೆಯ ಪ್ರತಿಯೊಂದು ಕೈಯೂ ಬೇಕು. ಮಕ್ಕಳ ಕೈಗೂ ಬಿಡುವಿಲ್ಲ. ಇನ್ನೊಂದು ವಿಶೇಷವೆಂದರೆ ಭಾಷೆಯ ಪರಿಸ್ಥಿತಿ. ಈ ಗಡಿಸೀಮೆಯ ಅನೇಕ ಮನೆಗಳಲ್ಲಿ ತೆಲುಗು ಮನೆಮಾತು. ಶಾಲೆಯ ಮಾತು ಕನ್ನಡ. ಹಿಂದಿನ ಕಾಲದಲ್ಲಿ ಹೈಸ್ಕೂಲಿನ ಬಾಗಿಲಿಗೆ ಬಂದ ಹುಡುಗನನ್ನು ಎದುರುಗೊಳ್ಳುತ್ತಿದ್ದುದು ಇಂಗ್ಲಿಷು. ಮೂರು ಹೊಸ್ತಿಲುಗಳನ್ನು ದಾಟಬೇಕಾದ ಮಗುವು ತರಗತಿಯಲ್ಲಿ ಮೌನವಾಗಿ ಕುಳಿತರೆ ಅದನ್ನು ಮಂದಬುದ್ಧಿಯೆಂದು ಎಣಿಸುವುದು ಸುಲಭ. ಆ ಮೌನಕ್ಕೆ ಕಾರಣ ಭಾಷೆಯೆಂದು ಗುರುತಿಸಲು ಮಗುವನ್ನು ಬಲ್ಲ ಉಪಾಧ್ಯಾಯನೇ ಬೇಕು.

ಸರ್ಕಾರದ ಶಾಲೆಗಳು ಬರುವುದಕ್ಕೆ ಮುಂಚೆ ಹಳ್ಳಿಗಳಲ್ಲಿ ಇದ್ದುದು ಕೂಲಿಮಠಗಳು. ಊರಿನವರು ಕೊಡುವ ದವಸಧಾನ್ಯಗಳಿಂದಲೋ ಅಲ್ಪಸ್ವಲ್ಪ ಹಣದಿಂದಲೋ ಜೀವಿಸುತ್ತಿದ್ದ ಅಯ್ಯಗಳು ಜಗಲಿಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಶಿಕ್ಷೆ ಕಠಿಣವಾಗಿತ್ತು. ಆದರೆ ಹುಡುಗನ ಮನೆ ಯಾವುದು, ಅವನು ಬರದಿದ್ದರೆ ಏಕೆ ಬರಲಿಲ್ಲ ಎಂಬುದು ಅಯ್ಯನವರಿಗೆ ತಿಳಿದಿರುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂತು. ಅದರ ಕರ್ತೃ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಬಿ. ಎಲ್. ರೈಸ್. ಇತಿಹಾಸದ ವಿದ್ಯಾರ್ಥಿಗಳು ರೈಸ್ ಅವರನ್ನು ಶಾಸನಸಂಗ್ರಹಕಾರರೆಂದು ಬಲ್ಲರು. ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದವರೂ ಅವರೇ. ಹಳೆಯ ಕಲ್ಲುಗಳನ್ನು ಓದಿದ ಕಣ್ಣೇ ಹೋಬಳಿಗೊಂದು ಶಾಲೆ ಬೇಕೆಂಬುದನ್ನೂ ಕಂಡಿತೆಂಬುದು ನೆನೆಯತಕ್ಕ ವಿಷಯ. ಮುಂದೆ ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂತು. ಅದು ಬಂದುದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಹೀಗೆ ಅಕ್ಷರದ ಮೊದಲ ಮೆಟ್ಟಿಲು ಹಳ್ಳಿಯ ಸಮೀಪಕ್ಕೆ ಬಂತು. ಎರಡನೆಯ ಮೆಟ್ಟಿಲು ಮಾತ್ರ ಬಹುಕಾಲ ಪಟ್ಟಣದಲ್ಲಿಯೇ ಉಳಿಯಿತು. ಪ್ರಾಥಮಿಕ ಶಾಲೆಯ ಕೊನೆಯ ತರಗತಿ ಮುಗಿದ ದಿನ ಹಳ್ಳಿಯ ಹುಡುಗನ ಮುಂದೆ ಇದ್ದುದು ಎರಡೇ ದಾರಿ: ಊರನ್ನು ಬಿಡುವುದು, ಇಲ್ಲವೇ ಓದನ್ನು ಬಿಡುವುದು.

೩

ವಿಶ್ವೇಶ್ವರಯ್ಯನವರು ೧೮೬೧ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆ ಇತ್ತು, ಐಶ್ವರ್ಯವಿರಲಿಲ್ಲ. ಹುಡುಗನು ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ನಾದಮುನಿ ನಾಯ್ಡು ಎಂಬ ಉಪಾಧ್ಯಾಯರು ಮುಖ್ಯರು. ಹುಡುಗನ ಬುದ್ಧಿಯನ್ನು ಗುರುತಿಸಿ ಪ್ರೋತ್ಸಾಹಿಸಿದವರೆಂದು ಅವರ ಹೆಸರು ಜೀವನಚರಿತ್ರೆಗಳಲ್ಲಿ ಉಳಿದುಕೊಂಡಿದೆ.

ಮುಂದಿನ ಓದಿಗಾಗಿ ವಿಶ್ವೇಶ್ವರಯ್ಯನವರು ಬೆಂಗಳೂರಿಗೆ ಹೋದರು. ಅಲ್ಲಿ ಸೋದರಮಾವ ರಾಮಯ್ಯನವರ ಆಶ್ರಯ ದೊರೆಯಿತು. ಅವರ ವಿದ್ಯಾರ್ಥಿದೆಶೆಯ ನಡುವೆಯೇ ೧೮೭೬-೭೮ರ ಮಹಾಕ್ಷಾಮ ಬಂದಿತೆಂಬುದನ್ನು ಮರೆಯಬಾರದು. ಮೈಸೂರು ಸಂಸ್ಥಾನವು ಆ ಕ್ಷಾಮದಲ್ಲಿ ತನ್ನ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲನ್ನು ಕಳೆದುಕೊಂಡಿತು. ಕೆರೆಗಳನ್ನೇ ನಂಬಿದ ಕೋಲಾರದ ಸೀಮೆಯು ಬಹಳವಾಗಿ ಬಳಲಿತು. ಅಂತಹ ದಿನಗಳಲ್ಲಿ ತಂದೆಯಿಲ್ಲದ ಹುಡುಗನೊಬ್ಬನು ಪಟ್ಟಣದಲ್ಲಿ ಓದು ಮುಂದುವರಿಸಿದ್ದು ಸಾಮಾನ್ಯ ಸಂಗತಿಯಲ್ಲ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಅವರು ತಮ್ಮ ಖರ್ಚನ್ನು ತೂಗಿಸಿಕೊಳ್ಳುತ್ತಿದ್ದರು.

ಸೆಂಟ್ರಲ್ ಕಾಲೇಜಿನಲ್ಲಿ ಆಗ ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲರು ಪ್ರಿನ್ಸಿಪಾಲರಾಗಿದ್ದರು. ಈ ವಿದ್ಯಾರ್ಥಿಯ ಗಣಿತಜ್ಞಾನವೂ ಶ್ರದ್ಧೆಯೂ ಅವರ ಗಮನವನ್ನು ಸೆಳೆದವು. ಅವರು ಮೆಚ್ಚುಗೆಯ ಗುರುತಾಗಿ ವಿದ್ಯಾರ್ಥಿಗೆ ವೆಬ್‌ಸ್ಟರನ ನಿಘಂಟನ್ನು ಕೊಟ್ಟರು. ಇಂಗ್ಲಿಷು ಪರಭಾಷೆಯಾದ ಹಳ್ಳಿಯ ಹುಡುಗನಿಗೆ ಅದಕ್ಕಿಂತ ಉಪಯುಕ್ತವಾದ ಕೊಡುಗೆಯನ್ನು ಊಹಿಸುವುದು ಕಷ್ಟ. ೧೮೮೧ರಲ್ಲಿ ವಿಶ್ವೇಶ್ವರಯ್ಯನವರು ಮದ್ರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇವೆಗೆ ಸೇರಿದರು.

ವಾಟರ್ಸ್ ಅವರು ಇಂಗ್ಲೆಂಡಿಗೆ ಹಿಂದಿರುಗಿದ ಮೇಲೂ ತಮ್ಮ ಶಿಷ್ಯನನ್ನು ಮರೆಯಲಿಲ್ಲ. ತಮ್ಮ ಚಿನ್ನದ ತೋಳುಗುಂಡಿಗಳು ಆತನಿಗೆ ಸಲ್ಲಬೇಕೆಂದು ಮರಣಪತ್ರದಲ್ಲಿ ಬರೆದಿಟ್ಟರು. ಅವರ ತರುವಾಯ ಅವು ವಿಶ್ವೇಶ್ವರಯ್ಯನವರನ್ನು ಬಂದು ಸೇರಿದವು. ಕೊಟ್ಟ ವಸ್ತು ಸಣ್ಣದು; ಆದರೆ ಆಳುವ ಜನಾಂಗಕ್ಕೂ ಆಳಿಸಿಕೊಳ್ಳುವ ಜನಾಂಗಕ್ಕೂ ಅಂತರ ದೊಡ್ಡದಾಗಿದ್ದ ಕಾಲದಲ್ಲಿ, ಉಪಾಧ್ಯಾಯನೊಬ್ಬನು ದೂರದೇಶದ ಶಿಷ್ಯನನ್ನು ತನ್ನ ಮನೆಯವರ ಪಂಕ್ತಿಯಲ್ಲಿ ನೆನೆದನೆಂಬುದು ಅಲ್ಪವಾದ ವಿಷಯವಲ್ಲ.

೪

ಎರಡನೆಯ ವೃತ್ತಾಂತವು ಇದಕ್ಕಿಂತ ಸುಮಾರು ಅರುವತ್ತು ವರ್ಷ ಈಚಿನದು. ಹೊಸೂರು ನರಸಿಂಹಯ್ಯನವರು ೧೯೨೦ರಲ್ಲಿ ಹಿಂದುಳಿದ ವರ್ಗದ ಬಡ ಕುಟುಂಬದಲ್ಲಿ ಹುಟ್ಟಿದರು. ತಂದೆ ಹನುಮಂತಪ್ಪನವರು ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು. ತಾಯಿ ವೆಂಕಟಮ್ಮನವರು ಕೂಲಿ ಮಾಡಿ ಮನೆಯನ್ನು ನಡೆಸಿದವರು. ಹೊಸೂರಿನ ಶಾಲೆಯಲ್ಲಿ ಎಂ. ಎಸ್. ನಾರಾಯಣ ರಾಯರು ಮುಖ್ಯೋಪಾಧ್ಯಾಯರಾಗಿದ್ದರು. ಅವರ ಕಣ್ಣಿಗೆ ಈ ಹುಡುಗನು ಬಿದ್ದನು.

ಹೊಸೂರಿನಲ್ಲಿ ಹೈಸ್ಕೂಲಿರಲಿಲ್ಲ. ಇದ್ದ ತರಗತಿಗಳು ಮುಗಿದೊಡನೆ ನರಸಿಂಹಯ್ಯನವರ ಓದೂ ಮುಗಿಯಿತು. ಅವರು ಊರಿನಲ್ಲಿಯೇ ಉಳಿದರು. ಈ ವಿರಾಮವನ್ನು ನಾವು ವಿಶೇಷವಾಗಿ ಗಮನಿಸಬೇಕು. ಅವರು ಯಾವ ಪರೀಕ್ಷೆಯಲ್ಲಿಯೂ ಸೋತಿರಲಿಲ್ಲ. ಯಾರೂ ಅವರನ್ನು ಹೊರಹಾಕಿರಲಿಲ್ಲ. ಶಾಲೆಯೇ ಅಲ್ಲಿಗೆ ಮುಗಿದಿತ್ತು. ಹೀಗೆ ಸದ್ದಿಲ್ಲದೆ ಓದು ನಿಂತುಹೋದ ಮಕ್ಕಳು ಆ ಕಾಲದ ಪ್ರತಿಯೊಂದು ಹೋಬಳಿಯಲ್ಲಿಯೂ ಇದ್ದರು. ಸೋತವರ ಲೆಕ್ಕ ಪರೀಕ್ಷೆಯ ಪಟ್ಟಿಯಲ್ಲಿ ಸಿಗುತ್ತದೆ. ಪರೀಕ್ಷೆಯವರೆಗೆ ಬಾರದೆ ಹೋದವರ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ.

ಅಷ್ಟರಲ್ಲಿ ನಾರಾಯಣ ರಾಯರು ಬೆಂಗಳೂರಿಗೆ ಬಂದಿದ್ದರು. ಶಾಲೆ ಬೇರೆಯಾಯಿತೆಂದು ಅವರು ಹಳೆಯ ವಿದ್ಯಾರ್ಥಿಯನ್ನು ಕೈಬಿಡಲಿಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದು ಸೇರುವಂತೆ ಆತನಿಗೆ ತಿಳಿಸಿದರು. ಗೌರಿಬಿದನೂರಿನ ಮೇಲೆ ಹಾದು ಬೆಂಗಳೂರಿಗೆ ಹೋಗುವ ರೈಲುಮಾರ್ಗವು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದಲೂ ಇತ್ತು. ಆದರೆ ಪ್ರಯಾಣಕ್ಕೆ ಕೊಡಲು ಹಣವಿರಲಿಲ್ಲ. ೧೯೩೫ರಲ್ಲಿ ಹದಿನೈದು ವರ್ಷದ ಆ ಹುಡುಗನು ಹೊಸೂರಿನಿಂದ ಬೆಂಗಳೂರಿನವರೆಗೆ, ಸುಮಾರು ಐವತ್ತು ಮೈಲಿಗಳ ದಾರಿಯನ್ನು, ಎರಡು ದಿನಗಳಲ್ಲಿ ನಡೆದೇ ಕ್ರಮಿಸಿದನು.

ಈ ನಡಿಗೆಯ ಕಥೆಯನ್ನು ಹೇಳುವವರೆಲ್ಲ ಹುಡುಗನ ಛಲವನ್ನು ಕೊಂಡಾಡುತ್ತಾರೆ. ಅದು ಕೊಂಡಾಡತಕ್ಕದ್ದೇ. ಆದರೆ ಇತಿಹಾಸದ ದೃಷ್ಟಿಯಿಂದ ಇಲ್ಲಿ ಮತ್ತೂ ಒಂದು ಅಂಶವಿದೆ. ಎರಡು ದಿನ ನಡೆಯಬಲ್ಲ ಕಾಲುಗಳು ಆ ಸೀಮೆಯ ಬಹುಮಂದಿ ಹುಡುಗರಿಗೆ ಇದ್ದವು. ನಡೆದು ಹೋದರೆ ಅಲ್ಲಿ ತನ್ನನ್ನು ಗುರುತಿಸುವವರೊಬ್ಬರು ಇದ್ದಾರೆಂಬ ಭರವಸೆ ಇದ್ದುದು ಇವನೊಬ್ಬನಿಗೆ. ಆ ಭರವಸೆಯೇ ನಾರಾಯಣ ರಾಯರ ಕೊಡುಗೆ. ರೈಲು ಇದ್ದರೂ ಅದು ಆ ಹುಡುಗನ ಪಾಲಿಗೆ ಇರಲಿಲ್ಲ. ಹಾಗೆಯೇ ಹೈಸ್ಕೂಲು ಇದ್ದರೂ ಉಪಾಧ್ಯಾಯರು ಕರೆಯುವವರೆಗೆ ಅದು ಅವನ ಪಾಲಿಗೆ ಇದ್ದಿರಲಿಲ್ಲ.

ನ್ಯಾಷನಲ್ ಹೈಸ್ಕೂಲು ೧೯೧೭ರಲ್ಲಿ, ಆನಿ ಬೆಸೆಂಟ್ ಅವರ ರಾಷ್ಟ್ರೀಯ ವಿದ್ಯಾಭ್ಯಾಸದ ಚಳವಳಿಯ ಪ್ರೇರಣೆಯಿಂದ ಹುಟ್ಟಿದ ಸಂಸ್ಥೆ. ಕೆ. ಸಂಪದ್ಗಿರಿ ರಾಯರಂತಹ ಉಪಾಧ್ಯಾಯರು ಅಲ್ಲಿದ್ದರು. ಹಳ್ಳಿಯಿಂದ ಬಂದ ಹುಡುಗನು ಅಲ್ಲಿ ಮೂಲೆಗೆ ಬೀಳಲಿಲ್ಲ. ೧೯೩೬ರಲ್ಲಿ ಮಹಾತ್ಮ ಗಾಂಧಿಯವರು ಬೆಂಗಳೂರಿಗೆ ಬಂದು ಆ ಶಾಲೆಗೆ ಭೇಟಿಕೊಟ್ಟಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಕೆಲಸವನ್ನು ಈ ವಿದ್ಯಾರ್ಥಿಗೆ ವಹಿಸಲಾಯಿತು. ಊರು ಬಿಟ್ಟು ಬಂದು ಕೇವಲ ಒಂದು ವರ್ಷವಾಗಿದ್ದ ಹುಡುಗನನ್ನು ಗಾಂಧಿಯವರ ಪಕ್ಕದಲ್ಲಿ ನಿಲ್ಲಿಸಿದ ಆ ಶಾಲೆಯ ಧೈರ್ಯವನ್ನು ಮೆಚ್ಚಬೇಕು. ವಿದ್ಯಾರ್ಥಿಯ ಮೇಲೆ ನಂಬಿಕೆಯಿಡುವುದೆಂದರೆ ಅವನಿಗೆ ಜವಾಬ್ದಾರಿಯ ಕೆಲಸವನ್ನು ಕೊಡುವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮುಂದೆ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸಮಾಡಿದರು. ೧೯೪೨ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದರು. ಬಿಡುಗಡೆಯಾದ ಮೇಲೆ ಮತ್ತೆ ಓದಿಗೆ ಹಿಂದಿರುಗಿ, ೧೯೪೬ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ೧೯೬೦ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ೧೯೬೧ರಿಂದ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ೨೦೦೫ರ ಜನವರಿ ೩೧ರಂದು ತೀರಿಕೊಂಡರು.

೫

ಈ ಎರಡು ವೃತ್ತಾಂತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಾಮ್ಯಗಳೂ ಒಂದು ಮುಖ್ಯವಾದ ವ್ಯತ್ಯಾಸವೂ ಕಂಡುಬರುತ್ತವೆ.

ವ್ಯತ್ಯಾಸವನ್ನು ಮೊದಲು ಹೇಳಬಹುದು. ವಿಶ್ವೇಶ್ವರಯ್ಯನವರು ಬೆಂಗಳೂರಿಗೆ ಹೋದಾಗ ಅಲ್ಲಿ ಸೋದರಮಾವನ ಮನೆಯಿತ್ತು. ಬಂಧುಗಳಿಲ್ಲದ ಬಡ ಬ್ರಾಹ್ಮಣ ವಿದ್ಯಾರ್ಥಿಗಳಿಗೂ ಆ ಕಾಲದಲ್ಲಿ ವಾರಾನ್ನದ ವ್ಯವಸ್ಥೆಯಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟಮಾಡಿ ಅವರು ಓದುತ್ತಿದ್ದರು. ಆದರೆ ಆ ಪಂಕ್ತಿಯು ಜಾತಿಯ ಪಂಕ್ತಿಯಾಗಿತ್ತು. ಅದರಲ್ಲಿ ಕುಳಿತುಕೊಳ್ಳಲಾರದ ಸಮುದಾಯಗಳ ಹುಡುಗರಿಗೆ ಪಟ್ಟಣದಲ್ಲಿ ಊಟವೂ ಇಲ್ಲ, ವಸತಿಯೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಕ್ಕಲಿಗರ ಸಂಘ (೧೯೦೬) ಮೊದಲಾದ ಸಂಸ್ಥೆಗಳು ಹುಟ್ಟಿ, ವಿದ್ಯಾರ್ಥಿನಿಲಯಗಳನ್ನು ಸ್ಥಾಪಿಸಲು ಮುಂದಾದುದಕ್ಕೆ ಇದೇ ಕಾರಣ. ೧೯೧೮ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ಹಿಂದುಳಿದ ಸಮುದಾಯಗಳಿಗೆ ವಿದ್ಯಾರ್ಥಿವೇತನಗಳನ್ನೂ ಸರ್ಕಾರಿ ಉದ್ಯೋಗದಲ್ಲಿ ಪ್ರಾತಿನಿಧ್ಯವನ್ನೂ ಶಿಫಾರಸು ಮಾಡಿದ ಹಿನ್ನೆಲೆಯೂ ಇದೇ. ಉದ್ಯೋಗಕ್ಕೆ ಅರ್ಹತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಈ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿ ಅಧಿಕಾರದಿಂದ ನಿವೃತ್ತರಾದರೆಂಬುದು ಇತಿಹಾಸಜ್ಞರಿಗೆ ತಿಳಿದೇ ಇದೆ. ಸ್ವತಃ ಬಡತನದಲ್ಲಿ ಓದಿದವರೇ ಆದರೂ, ತಮಗೆ ದೊರೆತಿದ್ದ ಬಂಧುವರ್ಗದ ಆಸರೆ ಎಲ್ಲರಿಗೂ ದೊರೆಯುವಂತಹುದಲ್ಲ ಎಂಬ ಅಂಶಕ್ಕೆ ಅವರ ವಾದದಲ್ಲಿ ಸಾಕಷ್ಟು ಸ್ಥಾನ ಸಿಕ್ಕಲಿಲ್ಲವೆಂದು ಹೇಳಬೇಕಾಗುತ್ತದೆ. ವಿಶ್ವೇಶ್ವರಯ್ಯನವರಿಗೆ ಮಾವನ ಮನೆ ಮಾಡಿದ ಕೆಲಸವನ್ನು ನರಸಿಂಹಯ್ಯನವರಿಗೆ ಉಪಾಧ್ಯಾಯರೇ ಮಾಡಬೇಕಾಯಿತು. ವಿದ್ಯಾರ್ಥಿಯ ಹಿಂದೆ ಆಸರೆ ಕಡಿಮೆಯಿದ್ದಷ್ಟೂ ಉಪಾಧ್ಯಾಯನ ಹೊಣೆ ಹೆಚ್ಚುತ್ತದೆ.

ಇನ್ನು ಸಾಮ್ಯಗಳು. ಮೊದಲನೆಯದಾಗಿ, ಎರಡು ಸಂದರ್ಭಗಳಲ್ಲಿಯೂ ಉಪಾಧ್ಯಾಯನು ವಿದ್ಯಾರ್ಥಿಯನ್ನು ಗುಂಪಿನಿಂದ ಬೇರ್ಪಡಿಸಿ ನೋಡಿದನು. ಎರಡನೆಯದಾಗಿ, ನೆರವು ನಿರ್ದಿಷ್ಟವಾಗಿತ್ತು: ಒಂದೆಡೆ ನಿಘಂಟು, ಮತ್ತೊಂದೆಡೆ ಇಂತಹ ಶಾಲೆಗೆ ಬಾ ಎಂಬ ಕರೆ. ಮೂರನೆಯದಾಗಿ, ತರಗತಿ ಮುಗಿದ ಮೇಲೂ ಸಂಬಂಧ ಮುಂದುವರಿಯಿತು. ಈ ಮೂರನೆಯ ಲಕ್ಷಣವೇ ಅತ್ಯಂತ ಮುಖ್ಯವಾದುದು. ನಾರಾಯಣ ರಾಯರು ಹೊಸೂರನ್ನು ಬಿಟ್ಟೊಡನೆ ಅಲ್ಲಿನ ಹುಡುಗರನ್ನು ಮರೆತಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರ ಕರ್ತವ್ಯ ಅಲ್ಲಿಗೆ ಮುಗಿದಿತ್ತು. ಕರ್ತವ್ಯ ಮುಗಿದ ಮೇಲೆ ಮಾಡಿದ ಕೆಲಸವೇ ನರಸಿಂಹಯ್ಯನವರ ಬಾಳನ್ನು ತಿರುಗಿಸಿತು.

ಇದು ನಮ್ಮ ಸೀಮೆಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಭೀಮರಾವ್ ಅಂಬೇಡ್ಕರ್ ಅವರು ೧೯೦೭ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದಾಗ, ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮರಾಠೀ ವಿದ್ವಾಂಸ ಉಪಾಧ್ಯಾಯರು ತಾವು ಬರೆದ ಬುದ್ಧಚರಿತ್ರೆಯನ್ನು ಅವರಿಗೆ ಕೊಟ್ಟರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಪರಿಚಯ ಮಾಡಿಸಿ ವಿದ್ಯಾರ್ಥಿವೇತನ ದೊರೆಯಲು ಕಾರಣರಾದರು. ಅಲ್ಜೀರಿಯದ ಬಡ ಬಡಾವಣೆಯೊಂದರಲ್ಲಿ, ತಂದೆಯನ್ನು ಯುದ್ಧದಲ್ಲಿ ಕಳೆದುಕೊಂಡಿದ್ದ ಆಲ್ಬೇರ್ ಕಾಮೂ ಎಂಬ ಬಾಲಕನಿಗೆ ಲೂಯಿ ಜೆರ್ಮೇನ್ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಪ್ರತಿಫಲವಿಲ್ಲದೆ ಪಾಠಹೇಳಿ ವಿದ್ಯಾರ್ಥಿವೇತನದ ಪರೀಕ್ಷೆಗೆ ಸಿದ್ಧಪಡಿಸಿದರು. ದುಡಿಮೆಗೆ ಹಚ್ಚಬೇಕೆಂದಿದ್ದ ಮನೆಯವರನ್ನು ಒಪ್ಪಿಸಿದರು. ೧೯೫೭ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಕಾಮೂ ತನ್ನ ಭಾಷಣಗಳನ್ನು ಆ ಉಪಾಧ್ಯಾಯರಿಗೆ ಅರ್ಪಿಸಿದರು. ದೇಶ, ಭಾಷೆ, ಧರ್ಮ ಬೇರೆಯಾದರೂ ನೆರವಿನ ಸ್ಥಳ ಒಂದೇ: ಪ್ರಾಥಮಿಕ ಶಾಲೆಗೂ ಮುಂದಿನ ಶಾಲೆಗೂ ನಡುವಿನ ಕಂದಕ.

೬

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಮೇಲೆ ಹೇಳಿದವರೆಲ್ಲರೂ ಅಸಾಧಾರಣ ಬುದ್ಧಿವಂತರು. ಬುದ್ಧಿವಂತ ಶಿಷ್ಯನನ್ನು ಮೆಚ್ಚುವುದು ಯಾವ ಉಪಾಧ್ಯಾಯನಿಗೂ ಕಷ್ಟವಲ್ಲ. ಓದಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಯ ಗತಿಯೇನು? ಗೆದ್ದವರ ಕಥೆಗಳಿಂದ ಸೋತವರ ವಿಷಯವಾಗಿ ಏನನ್ನು ಕಲಿಯಬಹುದು?

ಆಕ್ಷೇಪ ನ್ಯಾಯವಾದುದು. ಉಪಾಧ್ಯಾಯನ ಕಣ್ಣು ತನಗೆ ಹೋಲುವವರನ್ನೇ ಬೇಗ ಕಾಣುತ್ತದೆ ಎಂಬ ದೋಷವೂ ಇದೆ. ಮುದ್ದೇನಹಳ್ಳಿಯಲ್ಲಾಗಲಿ ಹೊಸೂರಿನಲ್ಲಾಗಲಿ ಅದೇ ಪೀಳಿಗೆಯ ಹೆಣ್ಣುಮಕ್ಕಳಿಗೆ ಬೆಂಗಳೂರಿನ ದಾರಿಯನ್ನು ಸುಲಭವಾಗಿ ತೋರಿಸುವಂತಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳ ಮಕ್ಕಳಿಗಂತೂ ಶಾಲೆಯ ಒಳಗೆ ಕುಳಿತುಕೊಳ್ಳುವ ಹಕ್ಕಿಗಾಗಿಯೇ ಹೋರಾಟ ನಡೆಯಬೇಕಾಯಿತು. ತರಗತಿಯಲ್ಲಿ ಇಲ್ಲದ ಮಗುವನ್ನು ಎಂತಹ ಸಹೃದಯ ಉಪಾಧ್ಯಾಯನೂ ಕಾಣಲಾರನು.

ಆದರೂ ಒಂದು ಸಮಾಧಾನವುಂಟು. ಬುದ್ಧಿವಂತಿಕೆ ಎಂಬುದು ಮೊದಲೇ ನಿಶ್ಚಿತವಾದ ವಸ್ತುವೆಂದು ಭಾವಿಸುವುದು ತಪ್ಪು. ನಾರಾಯಣ ರಾಯರು ಕರೆಯದಿದ್ದರೆ ನರಸಿಂಹಯ್ಯನವರು ಹೊಸೂರಿನ ಒಬ್ಬ ಕೂಲಿಗಾರರಾಗಿ ಉಳಿಯುತ್ತಿದ್ದರು. ಅವರಲ್ಲಿ ಒಬ್ಬ ಭೌತವಿಜ್ಞಾನಿಯಿದ್ದನೆಂದು ಯಾರಿಗೂ ತೋರುತ್ತಿರಲಿಲ್ಲ. ಇದೇ ಹಳೆಯ ಕೋಲಾರ ಜಿಲ್ಲೆಯ ಮುಳಬಾಗಿಲಿನವರಾದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪರೀಕ್ಷೆ ಅವರನ್ನು ಕೈಬಿಟ್ಟಿತು. ಆದರೆ ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂತಹ ವಿದ್ವಾಂಸರು ಅವರಿಗೆ ಪಾಠ ಹೇಳಲು ಹಿಂಜರಿಯಲಿಲ್ಲ. ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅದೇ ಗುಂಡಪ್ಪನವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಪರೀಕ್ಷೆಯ ಫಲಿತಾಂಶವು ವಿದ್ಯಾರ್ಥಿಯ ಒಂದು ದಿನದ ಸ್ಥಿತಿಯನ್ನು ಹೇಳುತ್ತದೆ. ಅವನ ಶಕ್ತಿಯ ಎಲ್ಲೆಯನ್ನು ಹೇಳುವುದಿಲ್ಲ. ಹಿಂದೆ ಬಿದ್ದ ವಿದ್ಯಾರ್ಥಿಯ ವಿಷಯದಲ್ಲಿ ಉಪಾಧ್ಯಾಯನು ಕೇಳಬೇಕಾದ ಮೊದಲ ಪ್ರಶ್ನೆ ಇವನಿಗೆ ಎಷ್ಟು ಬುದ್ಧಿಯಿದೆ ಎಂಬುದಲ್ಲ. ಇವನನ್ನು ತಡೆದಿರುವುದು ಯಾವುದು ಎಂಬುದು. ಭಾಷೆಯೇ, ಹಸಿವೇ, ಮನೆಯ ದುಡಿಮೆಯೇ, ದೂರವೇ, ಅಂಜಿಕೆಯೇ? ಕಾರಣ ಒಂದೊಂದಾದರೆ ಪರಿಹಾರವೂ ಒಂದೊಂದು.

೭

ಶಿಷ್ಯನು ಗುರುಋಣವನ್ನು ತೀರಿಸುವ ಬಗೆ ಯಾವುದು? ವಿಶ್ವೇಶ್ವರಯ್ಯನವರು ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿ ಅದನ್ನು ರಾಜ್ಯನೀತಿಯ ಮೂಲಕ ತೀರಿಸಿದರು. ಕಡ್ಡಾಯ ವಿದ್ಯಾಭ್ಯಾಸದ ಕಾನೂನು, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆ ಇವು ಆ ನೀತಿಯ ಫಲಗಳು. ಮದ್ರಾಸಿನ ವಿಶ್ವವಿದ್ಯಾನಿಲಯದ ಪದವಿಗಾಗಿ ಓದಿ, ಮುಂದಿನ ವಿದ್ಯೆಗೆ ಪುಣೆಗೆ ಹೋಗಬೇಕಾಗಿ ಬಂದವರು, ನಾಡಿನ ಮಕ್ಕಳಿಗೆ ನಾಡಿನಲ್ಲಿಯೇ ಒಂದು ವಿಶ್ವವಿದ್ಯಾನಿಲಯ ಬೇಕೆಂದು ಬಯಸಿದ್ದು ಸಹಜ.

ನರಸಿಂಹಯ್ಯನವರ ದಾರಿ ಬೇರೆ. ಅವರು ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ದಶಕಗಳ ಕಾಲ ವಾಸಿಸಿದರು. ಕುಲಪತಿಯಾದಾಗಲೂ ಅವರ ಸರಳತೆ ಬದಲಾಗಲಿಲ್ಲ. ವಿದ್ಯಾರ್ಥಿಗಳ ನಡುವೆ ಬಾಳುವವನಿಗೆ ಯಾರು ಊಟ ಬಿಟ್ಟರು, ಯಾರು ಶುಲ್ಕ ಕಟ್ಟಲಾರದೆ ಇದ್ದಾರೆ ಎಂಬುದನ್ನು ವರದಿಯಿಂದ ತಿಳಿಯಬೇಕಾಗಿಲ್ಲ. ೧೯೬೨ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸಗಳನ್ನು ಒದಗಿಸಿತು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂಬುದು ಅವರ ನಿತ್ಯದ ಬೋಧೆಯಾಗಿತ್ತು. ಹಳ್ಳಿಯಿಂದ ಬಂದು ತರಗತಿಯಲ್ಲಿ ಬಾಯಿ ತೆರೆಯಲು ಅಂಜುವ ವಿದ್ಯಾರ್ಥಿಗೆ ಪ್ರಶ್ನೆ ಕೇಳುವ ಅಧಿಕಾರವನ್ನು ಕೊಡುವುದಕ್ಕಿಂತ ದೊಡ್ಡ ಉಪಕಾರ ಯಾವುದಿದ್ದೀತು?

ಎಲ್ಲಕ್ಕಿಂತ ಮಿಗಿಲಾಗಿ, ಅವರು ತಮ್ಮ ಹುಟ್ಟೂರಾದ ಹೊಸೂರಿನಲ್ಲಿಯೇ ಹೈಸ್ಕೂಲು ಸ್ಥಾಪನೆಯಾಗುವಂತೆ ಮಾಡಿದರು. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಆಶ್ರಯದಲ್ಲಿ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳು ಆದವು. ೧೯೩೫ರಲ್ಲಿ ಯಾವ ಸ್ಥಳದಲ್ಲಿ ತಮ್ಮ ಓದು ನಿಂತಿತ್ತೋ ಅದೇ ಸ್ಥಳದಲ್ಲಿ ಅವರು ಮುಂದಿನ ಮೆಟ್ಟಿಲನ್ನು ಕಟ್ಟಿದರು. ಅಲ್ಲಿ ಓದುವ ಮಗುವಿಗೆ ಎರಡು ದಿನ ನಡೆಯುವ ಛಲ ಬೇಕಾಗುವುದಿಲ್ಲ. ಒಬ್ಬ ಉಪಾಧ್ಯಾಯನು ಒಬ್ಬ ವಿದ್ಯಾರ್ಥಿಗೆ ಮಾಡಿದ ಉಪಕಾರವು ಹೀಗೆ ಒಂದು ಸೀಮೆಯ ಸಾವಿರಾರು ಮಕ್ಕಳಿಗೆ ಹಂಚಿಹೋಯಿತು.

೮

ಈ ಪರಿಶೀಲನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದು, ಉಪಾಧ್ಯಾಯನ ವೈಯಕ್ತಿಕ ಅನುಕಂಪ ಅಮೂಲ್ಯವಾದರೂ ಅದನ್ನೇ ನಂಬಿ ವಿದ್ಯಾಭ್ಯಾಸದ ವ್ಯವಸ್ಥೆಯನ್ನು ನಡೆಸುವಂತಿಲ್ಲ. ಒಬ್ಬ ನಾರಾಯಣ ರಾಯರು ಇಲ್ಲದ ಹಳ್ಳಿಗಳು ಬಹಳ. ಆದ್ದರಿಂದ ಶಾಲೆ, ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನಗಳು ಬೇಕು. ಎರಡನೆಯದು, ಇವೆಲ್ಲ ಇದ್ದರೂ ಉಪಾಧ್ಯಾಯನ ಕೆಲಸ ಮುಗಿಯುವುದಿಲ್ಲ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತವಾದ ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಕಾಲೇಜುಗಳು ತಾಲ್ಲೂಕು ಕೇಂದ್ರಗಳಿಗೆ ಬಂದಿವೆ. ೨೦೧೭ರಲ್ಲಿ ಕೋಲಾರದಲ್ಲಿ ಕೇಂದ್ರವನ್ನುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಗಿದೆ. ಆದರೂ ಸಂಧಿಸ್ಥಾನಗಳು ಇಲ್ಲವಾಗಿಲ್ಲ, ಮುಂದಕ್ಕೆ ಸರಿದಿವೆ. ಹಿಂದೆ ಪ್ರಾಥಮಿಕ ಶಾಲೆಗೂ ಹೈಸ್ಕೂಲಿಗೂ ನಡುವೆ ಇದ್ದ ಕಂದಕವು ಈಗ ಕಾಲೇಜಿನ ಮೊದಲ ವರ್ಷದಲ್ಲಿಯೋ, ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಯು ಇಂಗ್ಲಿಷಿನ ಪಠ್ಯಪುಸ್ತಕವನ್ನು ಬಿಚ್ಚುವ ದಿನದಲ್ಲಿಯೋ ಎದುರಾಗುತ್ತದೆ.

ಸಾದಲಿಯ ಹೋಬಳಿಯಿಂದಲೋ ಅಂತಹುದೇ ಮತ್ತೊಂದು ಹೋಬಳಿಯಿಂದಲೋ ಬಂದು ನಮ್ಮ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಯು ಒಂದು ವಾರ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕುವುದು ನಿಯಮ. ಅವನಾಗಲಿ ಅವಳಾಗಲಿ ಏಕೆ ಬರಲಿಲ್ಲವೆಂದು ವಿಚಾರಿಸಿ ಒಂದು ಮಾತು ಹೇಳಿಕಳುಹಿಸುವುದು ನಿಯಮದಲ್ಲಿಲ್ಲ. ಹೊಸೂರಿನ ಮುಖ್ಯೋಪಾಧ್ಯಾಯರು ೧೯೩೫ರಲ್ಲಿ ಮಾಡಿದ ಕೆಲಸವೂ ಯಾವ ನಿಯಮದಲ್ಲಿಯೂ ಇರಲಿಲ್ಲ.